ಖಂಡಸ್ಫುಟಿತ ಜೀರ್ಣೋದ್ಧಾರವೂ ಕಚೇರಿಯ ಗಣಕಯಂತ್ರವೂ

ಹಳೆಯ ಬಸದಿಗಳ ದತ್ತಿಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ಒಡೆದುದನ್ನು, ಬಿರುಕು ಬಿಟ್ಟುದನ್ನು, ಹಳತಾದುದನ್ನು ಸರಿಪಡಿಸುವುದು ಎಂದು ಅದರ ಅರ್ಥ. ಜಿನಪೂಜೆಗೆಂದು, ಮುನಿಗಳ ಆಹಾರದಾನಕ್ಕೆಂದು ಭೂಮಿ ಬಿಟ್ಟವರು ಅದೇ ಶಾಸನದಲ್ಲಿ ದುರಸ್ತಿಯ ವೆಚ್ಚಕ್ಕೂ ದಾರಿ ಮಾಡುತ್ತಿದ್ದರು. ಭಂಡಾರಿ ಹುಳ್ಳನು ಶ್ರವಣಬೆಳಗೊಳದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿಯನ್ನು ಕಟ್ಟಿಸಿದಾಗ ಹೊಯ್ಸಳ ನರಸಿಂಹನು 1159ರಲ್ಲಿ ಸವಣೇರು ಗ್ರಾಮವನ್ನು ಅದಕ್ಕೆ ದತ್ತಿಯಾಗಿ ಕೊಟ್ಟನು. ಕಟ್ಟಡವೊಂದೇ ಸಾಲದು, ಅದನ್ನು ನಡೆಸಿಕೊಂಡು ಹೋಗುವ ಉತ್ಪನ್ನವೂ ಬೇಕು ಎಂಬ ವಿವೇಕ ಅಂದಿನವರಿಗಿತ್ತು. ಕಟ್ಟುವುದು ಒಂದು ದಿನದ ಪುಣ್ಯ. ಕಾಪಾಡುವುದು ನಿತ್ಯದ ಧರ್ಮ.

ಆ ವಿವೇಕ ಇಂದು ಎಲ್ಲಿ ಹೋಯಿತು? ಬಸದಿಯ ಟ್ರಸ್ಟಿನ ಕಚೇರಿಗೆ ಹೊಕ್ಕು ನೋಡಿದರೆ ಉತ್ತರ ದೊರೆಯುತ್ತದೆ. ಮೇಜಿನ ಮೇಲೆ ಗಣಕಯಂತ್ರವೊಂದು ಕುಳಿತಿದೆ. ಅದರ ನೆತ್ತಿಯ ಮೇಲೆ ಆಯುಧಪೂಜೆಯಂದು ಹಚ್ಚಿದ ಕುಂಕುಮವಿದೆ. ಪಕ್ಕದಲ್ಲಿ ದಾನಿಯ ಹೆಸರಿನ ಫಲಕವಿದೆ. ಒಳಗೆ ಮಾತ್ರ ವರ್ಷಗಳ ಧೂಳು ತುಂಬಿದೆ. ಕರೆಂಟು ಹೋದರೆ ಯು.ಪಿ.ಎಸ್. ಕೂಗಿ ಅರೆ ನಿಮಿಷದಲ್ಲಿ ಮೌನವಾಗುತ್ತದೆ. ಸಂಕೇತಪದ ಗೊತ್ತಿರುವ ಹುಡುಗ ಕೆಲಸ ಬಿಟ್ಟು ಮೈಸೂರಿಗೆ ಹೋಗಿದ್ದಾನೆ. ಇದು ಒಂದು ಊರಿನ ಕಥೆಯಲ್ಲ. ಹೊಸ ಅಗ್ರಹಾರದಂಥ ಹೋಬಳಿ ಕೇಂದ್ರಗಳಿಂದ ಹಿಡಿದು ನಗರದ ದೊಡ್ಡ ಸಂಸ್ಥೆಗಳವರೆಗೆ ಇಂತಹ ಕಚೇರಿಗಳು ಹೇರಳವಾಗಿವೆ. ಯಂತ್ರವನ್ನು ಕೊಟ್ಟವರಿಗೆ ಸನ್ಮಾನವಾಯಿತು, ಛಾಯಾಚಿತ್ರವಾಯಿತು. ಅದರ ಪಾಲನೆಗೆಂದು ಒಂದು ರೂಪಾಯಿಯನ್ನಾದರೂ ಅಂದಾಜುಪಟ್ಟಿಯಲ್ಲಿ ಬರೆದವರಿಲ್ಲ. ಇದನ್ನು ದಾನವೆನ್ನಬೇಕೆ, ಪ್ರದರ್ಶನವೆನ್ನಬೇಕೆ?

ಇದು ಬರಿಯ ಅನುಕೂಲದ ಪ್ರಶ್ನೆ, ಧರ್ಮಾಧರ್ಮಗಳನ್ನು ಇಲ್ಲಿಗೇಕೆ ಎಳೆಯಬೇಕು ಎಂದು ಕೇಳುವವರಿದ್ದಾರೆ. ಆ ಯಂತ್ರದೊಳಗೆ ಏನಿದೆ ಎಂಬುದನ್ನು ಅಂಥವರು ಯೋಚಿಸಬೇಕು. ಬಸದಿಯ ಜಮೀನುಗಳ ವಿವರ ಅಲ್ಲಿದೆ. ವಿದ್ಯಾರ್ಥಿವೇತನ ಪಡೆಯುವ ಮಕ್ಕಳ ಪಟ್ಟಿ ಅಲ್ಲಿದೆ. ಶಾಶ್ವತಪೂಜೆಯ ನಿಧಿಗೆ ಹಣ ಕಟ್ಟಿದವರ ಹೆಸರು, ಗೋತ್ರ, ತಿಥಿಗಳು ಅಲ್ಲಿವೆ. ವೃದ್ಧೆಯೊಬ್ಬಳು ಗತಿಸಿದ ಪತಿಯ ಹೆಸರಿನಲ್ಲಿ ತನ್ನ ಉಳಿತಾಯದ ಹಣವನ್ನು ತಂದುಕೊಟ್ಟು, ವರ್ಷಕ್ಕೊಮ್ಮೆ ಆ ತಿಥಿಯಂದು ಪೂಜೆ ನಡೆಯಲಿ ಎಂದು ಬೇಡಿಕೊಂಡು ಹೋಗಿರುತ್ತಾಳೆ. ಆಕೆಗೆ ಕೊಟ್ಟ ಮಾತು ಈಗ ಒಂದು ಹಾರ್ಡ್‌ಡಿಸ್ಕಿನ ಮೇಲಿನ ಒಂದು ಸಾಲು. ಆ ಡಿಸ್ಕು ಕೆಟ್ಟ ದಿನ, ಬೇರೆ ಪ್ರತಿ ಇಲ್ಲದಿದ್ದರೆ, ಪೂಜೆ ನಿಲ್ಲುತ್ತದೆ. ನಿಂತಿತೆಂಬುದು ಯಾರಿಗೂ ಗೊತ್ತಾಗುವುದಿಲ್ಲ. ಬೇಕೆಂದು ಮೋಸ ಮಾಡಿದವರು ಯಾರೂ ಇಲ್ಲ, ಮೋಸ ಮಾತ್ರ ನಡೆದುಹೋಗಿದೆ. ಜೈನಧರ್ಮ ಇಂತಹುದಕ್ಕೆ ಪ್ರಮಾದ ಎಂಬ ಹೆಸರಿಟ್ಟು, ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸಿದೆ. ಗೊತ್ತಿಲ್ಲದೆ ಆಯಿತು ಎಂಬ ಸಮಾಧಾನಕ್ಕೆ ಅಲ್ಲಿ ಅವಕಾಶವಿಲ್ಲ.

ಪಾಲನೆಯಿಲ್ಲದ ಗಣಕೀಕರಣ ಎಷ್ಟು ನಿಷ್ಫಲವೆಂಬುದಕ್ಕೆ ಕರ್ನಾಟಕದ ಭೂದಾಖಲೆಗಳ ಚರಿತ್ರೆಯೇ ಸಾಕ್ಷಿ. 1991ರಲ್ಲಿ ಕೇಂದ್ರ ಸರ್ಕಾರದ ಪೂರ್ಣ ಧನಸಹಾಯದಿಂದ ಗುಲ್ಬರ್ಗಾ ಜಿಲ್ಲೆಯಲ್ಲಿ ಪಹಣಿಗಳ ಗಣಕೀಕರಣದ ಯೋಜನೆ ರೂಪುಗೊಂಡಿತು. ಮುಂದಿನ ವರ್ಷಗಳಲ್ಲಿ ಅದು ಇತರ ಜಿಲ್ಲೆಗಳಿಗೂ ಹಬ್ಬಿತು. ಆದರೆ ಖಾತೆಯ ಬದಲಾವಣೆಗಳು ನಿತ್ಯ ನಡೆಯುವ ಸ್ಥಳ ತಾಲ್ಲೂಕು ಕಚೇರಿ. ಅಲ್ಲಿ ಗಣಕಯಂತ್ರವನ್ನಿಡುವ ಏರ್ಪಾಡೇ ಆ ಯೋಜನೆಯಲ್ಲಿರಲಿಲ್ಲ. ರೈತ ಜಮೀನು ಮಾರಿದ, ತಂದೆ ಸತ್ತು ಮಕ್ಕಳು ಪಾಲಾದರು, ಬ್ಯಾಂಕಿನ ಸಾಲ ತೀರಿತು. ಇವೆಲ್ಲ ಗ್ರಾಮಲೆಕ್ಕಿಗನ ಪುಸ್ತಕದಲ್ಲಿ ಬರೆಯಲ್ಪಡುತ್ತಿದ್ದವು, ಒಮ್ಮೆ ನಮೂದಿಸಿಟ್ಟ ಗಣಕದ ದಾಖಲೆ ಮಾತ್ರ ಹಿಂದೆಯೇ ಉಳಿಯಿತು. ನಿತ್ಯವೂ ತಿದ್ದದ ದಾಖಲೆ ದಾಖಲೆಯಲ್ಲ, ಹಳೆಯ ಚಿತ್ರ ಮಾತ್ರ.

ಅನಂತರ ಬಂದ ‘ಭೂಮಿ’ ಯೋಜನೆ ಬೇರೆ ದಾರಿ ಹಿಡಿಯಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ರಾಜ್ಯದ 177 ತಾಲ್ಲೂಕುಗಳಲ್ಲಿಯೇ ಯಂತ್ರಗಳು ಕುಳಿತವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಿದ್ದುವ ನೌಕರ ಬೆರಳಚ್ಚು ಒತ್ತಿಯೇ ಒಳಹೋಗಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಆರಂಭದಲ್ಲಿ ಪಹಣಿಯೊಂದಕ್ಕೆ 15 ರೂಪಾಯಿ ಶುಲ್ಕ ಗೊತ್ತುಮಾಡಿ, ಕೇಂದ್ರಗಳನ್ನು ನಡೆಸುವ ವೆಚ್ಚವನ್ನು ಆ ಹಣದಿಂದಲೇ ಭರಿಸುವ ಕ್ರಮವಾಯಿತು. ಮೊದಲಿನ ಯೋಜನೆಯಲ್ಲಿ ಹಣವಿತ್ತು, ಪಾಲನೆಯಿರಲಿಲ್ಲ. ಎರಡನೆಯದರಲ್ಲಿ ಪಾಲನೆಯೂ ಯೋಜನೆಯ ಅಂಗವಾಗಿತ್ತು. ಹೊಸ ಅಗ್ರಹಾರದ ಭತ್ತದ ರೈತ ಬೆಳೆಸಾಲಕ್ಕೆ ಬೇಕಾದ ಪಹಣಿಗಾಗಿ ಗ್ರಾಮಲೆಕ್ಕಿಗನನ್ನು ಹುಡುಕಿಕೊಂಡು ಅಲೆಯುವುದು ತಪ್ಪಿದ್ದು ಇದರಿಂದ. ‘ಸರ್ವರ್ ಇಲ್ಲ, ನಾಳೆ ಬಾ’ ಎಂಬ ಮಾತನ್ನು ಆತ ಕೇಳಬೇಕಾದ ದಿನಗಳು ಇನ್ನೂ ಇವೆ. ಪಾಲನೆ ಸಡಿಲಾದ ಕಡೆಯಲ್ಲೆಲ್ಲ ಅವು ಬರುತ್ತವೆ. ಸರ್ಕಾರದ ಕಚೇರಿಯನ್ನು ದೂರುವ ಟ್ರಸ್ಟಿಗಳು ತಮ್ಮ ಕಚೇರಿಯ ಬಾಗಿಲಿಗೆ ಬಂದ ಭಕ್ತನಿಗೂ ಅದೇ ಮಾತನ್ನು ಹೇಳಿ ಕಳುಹಿಸುತ್ತಿಲ್ಲವೆ?

ಪಾಲನೆಯೆಂದರೆ ದೊಡ್ಡ ವಿದ್ಯೆಯೆಂದು ಹಲವರು ಹಿಂಜರಿಯುತ್ತಾರೆ. ವಾಸ್ತವದಲ್ಲಿ ಅದರ ಬಹುಭಾಗ ಮನೆಗೆಲಸದಷ್ಟೇ ಸರಳ. ಯಂತ್ರದೊಳಗೆ ನಾಣ್ಯದ ಗಾತ್ರದ ಬ್ಯಾಟರಿಯೊಂದಿದೆ. ಯಂತ್ರ ಆರಿದ್ದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಕೆಲವು ವರ್ಷಗಳಲ್ಲಿ ಅದು ಬರಿದಾಗುತ್ತದೆ. ಅಂದಿನಿಂದ ಕರೆಂಟು ಹೋದಾಗಲೆಲ್ಲ ಯಂತ್ರದ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಗಮನಿಸದ ಗುಮಾಸ್ತ ರಸೀದಿ ಹರಿಯುತ್ತಾನೆ. ಇಂದಿನ ಕಾಣಿಕೆ ಎಂದೋ ಮುಗಿದ ಲೆಕ್ಕವರ್ಷದ ದಿನಾಂಕವನ್ನು ಹೊರುತ್ತದೆ. ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ. ಸಭೆಯಲ್ಲಿ ಕಾರ್ಯದರ್ಶಿಯ ಪ್ರಾಮಾಣಿಕತೆಯ ಮೇಲೆಯೇ ಮಾತು ಬರುತ್ತದೆ. ನೂರು ರೂಪಾಯಿಯೊಳಗೆ ಸಿಗುವ ಬ್ಯಾಟರಿಯನ್ನು ಬದಲಿಸದ ಅಲಸಿಕೆ ಒಬ್ಬ ಸಜ್ಜನನ ಮಾನಕ್ಕೆ ಕುಂದು ತರುತ್ತದೆ. ಯು.ಪಿ.ಎಸ್. ಬ್ಯಾಟರಿಗೂ ಆಯುಸ್ಸುಂಟು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ಸರಿಯಾದ ಅರ್ಥಿಂಗ್ ಇಲ್ಲದ ಕಚೇರಿಯ ಯಂತ್ರ ಉಳಿದರೆ ಅದೃಷ್ಟವೆನ್ನಬೇಕು. ವಸ್ತುವನ್ನು ನೋಡಿ ಎತ್ತಬೇಕು, ನೋಡಿ ಇಡಬೇಕು ಎಂಬ ಆದಾನ-ನಿಕ್ಷೇಪಣ ಸಮಿತಿ ಮುನಿಗಳಿಗೆ ವಿಧಿಸಿದ ಕಟ್ಟಳೆ. ಆದರೆ ಅದರ ತಿರುಳಾದ ಎಚ್ಚರಿಕೆ ಗೃಹಸ್ಥನಿಗೆ ಬೇಡವೆಂದು ಯಾರೂ ಹೇಳಿಲ್ಲ.

ಇನ್ನು ಪ್ರತಿಯ ಮಾತು. ಗಣಕದ ಭಾಷೆಯಲ್ಲಿ ಬ್ಯಾಕಪ್ ಎನ್ನುವುದನ್ನು ಜೈನಸಮಾಜ ಸಾವಿರ ವರ್ಷಗಳಿಂದ ಬಲ್ಲದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಂದು ಓಲೆಯನ್ನು ಗೆದ್ದಲು ತಿಂದರೂ ಇನ್ನೊಂದು ಉಳಿಯಲಿ ಎಂಬ ದೂರದೃಷ್ಟಿ ಅದರಲ್ಲಿಲ್ಲವೆ? ವೀರಸೇನಾಚಾರ್ಯರ ಧವಲಾ ಟೀಕೆ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಯ ಮೇಲೆ ಶತಮಾನಗಳ ಕಾಲ ಉಳಿದುಬಂದಿತು. ಅಲ್ಲಿಂದ ಪ್ರತಿಗಳು ಸಿದ್ಧವಾಗಿ ಹೊರಗೆ ಬಂದ ಮೇಲೆಯೇ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಯಿತು. ಒಂದೇ ಪ್ರತಿ ಒಂದೇ ಸ್ಥಳದಲ್ಲಿದ್ದ ಎಷ್ಟು ಗ್ರಂಥಗಳು ಹೆಸರು ಮಾತ್ರವಾಗಿ ಉಳಿದಿವೆ ಎಂಬುದನ್ನು ಸಾಹಿತ್ಯಚರಿತ್ರೆ ಬಲ್ಲವರು ಬಲ್ಲರು. ಇಂತಹ ಪರಂಪರೆಯ ವಾರಸುದಾರರು ಬಸದಿಯ ಸಮಸ್ತ ಲೆಕ್ಕವನ್ನೂ ಒಂದೇ ಡಿಸ್ಕಿನಲ್ಲಿಟ್ಟು, ಅದರ ‘ಪ್ರತಿ’ಯನ್ನು ಅದೇ ಯಂತ್ರದ ಇನ್ನೊಂದು ಮೂಲೆಯಲ್ಲಿ ಉಳಿಸಿ, ನಿಶ್ಚಿಂತೆಯಿಂದ ಮಲಗುತ್ತಾರೆ! ಪ್ರತಿ ಬೇರೆ ಸಾಧನದ ಮೇಲಿರಬೇಕು, ಒಂದಾದರೂ ಬೇರೆ ಕಟ್ಟಡದಲ್ಲಿರಬೇಕು. ಅಷ್ಟಾದರೂ ಸಾಲದು, ಆಗಾಗ ತೆರೆದು ಓದಿ ನೋಡಬೇಕು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಪ್ರತಿಗಳಿದ್ದರೂ ಅಕ್ಷರ ಅಳಿಯಬಹುದು ಎಂಬುದು ಕನ್ನಡದ ಕಚೇರಿಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತು. ಹಿಂದೆ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಲಾಗುತ್ತಿತ್ತು. ಆ ಕಾಲಕ್ಕೆ ಅದು ಕನ್ನಡಕ್ಕಾದ ದೊಡ್ಡ ಉಪಕಾರವೇ. ಆದರೆ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ದಾನಿಗಳ ಪಟ್ಟಿಯ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ 1991ರಲ್ಲಿಯೇ ದೊರೆಯಿತು. 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ಸಾಮಾನ್ಯ ಕಚೇರಿಗಳಿಗೂ ತಂದಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಲಭ್ಯವಿವೆ. ಆದರೂ ಇಪ್ಪತ್ತು ವರ್ಷಗಳ ಹಿಂದಿನ ಸದಸ್ಯರ ಪಟ್ಟಿ ಹಳೆಯ ರೂಪದಲ್ಲಿಯೇ ಬಿದ್ದಿದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಬ್ಬರು ಕೂತು ತಿದ್ದಬೇಕು. ಆ ಒಬ್ಬರು ಸಿಗುತ್ತಿಲ್ಲ. ಶಾಸ್ತ್ರಗ್ರಂಥವನ್ನು ಒಂದು ಲಿಪಿಯಿಂದ ಇನ್ನೊಂದಕ್ಕೆ ಇಳಿಸಿದ ಲಿಪಿಕಾರರ ಸಹನೆಯ ನೂರರಲ್ಲೊಂದು ಪಾಲು ಇಲ್ಲಿ ಸಾಕಾಗಿತ್ತು.

ನವೀಕರಣದ ಪ್ರಶ್ನೆ ಇನ್ನೂ ತೊಡಕಿನದು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ಬೆಂಬಲ ಮುಗಿದ ಮರುದಿನವೂ ಯಂತ್ರ ಎಂದಿನಂತೆ ನಡೆಯುತ್ತದೆ. ಮೋಸ ಇರುವುದೇ ಅಲ್ಲಿ. ಅನಂತರ ಕಂಡುಬಂದ ಲೋಪಗಳಿಗೆ ಪರಿಹಾರ ಬರುವುದಿಲ್ಲ. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಕಡತಗಳಿಗೆ ಬೀಗ ಜಡಿದು ಬಿಡುಗಡೆಯ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಚಿಕಿತ್ಸೆಯ ದಿನಗಳು ರದ್ದಾದವು. ಅದು ಹೊಕ್ಕ ದ್ವಾರಕ್ಕೆ ಪರಿಹಾರ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆಯಾಗಿತ್ತು. ಎರಡು ತಿಂಗಳ ಕಾಲಾವಕಾಶವಿದ್ದೂ ಹಾಕಿಕೊಳ್ಳದವರಿಗೆ ಪೆಟ್ಟು ಬಿದ್ದಿತು. ಪರಿಷ್ಕರಣೆಯ ಸೂಚನೆ ಪರದೆಯ ಮೇಲೆ ಮೂಡಿದಾಗಲೆಲ್ಲ ‘ಆಮೇಲೆ’ ಎಂದು ಒತ್ತುವ ಕೈಗಳು ಇದನ್ನು ನೆನೆಯಬೇಕು.

ಪರಿಷ್ಕರಣೆಗೆ ಹೆದರುವ ಕಚೇರಿಗಳಲ್ಲಿ ಹಲವಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಒಳಗಿರುವ ತಂತ್ರಾಂಶ ಕದ್ದದ್ದು. ಯಂತ್ರ ಜೋಡಿಸಿದವನು ‘ಎಲ್ಲ ಹಾಕಿಕೊಟ್ಟಿದ್ದೇನೆ’ ಎಂದನು. ಟ್ರಸ್ಟಿಗಳು ಪರವಾನಗಿಯನ್ನು ಕೇಳಲಿಲ್ಲ. ಹಣ ಉಳಿಯಿತೆಂದು ಸಂತೋಷಪಟ್ಟರು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು: ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದು. ವಿರುದ್ಧರಾಜ್ಯಾತಿಕ್ರಮ ಇನ್ನೊಂದು. ಬಸದಿಯ ಹುಂಡಿಯ ಲೆಕ್ಕವನ್ನು ಕದ್ದ ತಂತ್ರಾಂಶದಲ್ಲಿ ಬರೆಯುವುದು ಯಾವ ಧರ್ಮ? ಕೈಗೆ ಸಿಕ್ಕುವ ವಸ್ತುವಲ್ಲ, ಕಳವೆಂದರೆ ಹೇಗೆ ಎಂಬ ವಾದ ಮಕ್ಕಳಾಟದ್ದು. ಇನ್ನೊಬ್ಬರ ಶ್ರಮದ ಫಲವನ್ನು ಅವರು ಕೊಡದೆಯೇ ತೆಗೆದುಕೊಂಡರೆ ಅದು ಅದತ್ತಾದಾನವೇ. ಹಣ ಕೊಡಲಾಗದ ಟ್ರಸ್ಟಿಗೆ ನ್ಯಾಯವಾದ ದಾರಿಯೂ ತೆರೆದಿದೆ. ಲಿನಕ್ಸ್ ಮತ್ತು ಲಿಬ್ರೆ ಆಫೀಸ್‌ಗಳಂಥ ಮುಕ್ತ ತಂತ್ರಾಂಶಗಳನ್ನು ಅವುಗಳ ಕರ್ತೃಗಳೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಇಂತಹ ತಂತ್ರಾಂಶಗಳಲ್ಲಿಯೇ ಕಲಿಸುತ್ತಿವೆ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಬಳಸುವುದನ್ನು ಟ್ರಸ್ಟಿನ ಹಿರಿಯರು ಕಲಿಯಲಾಗದೆ?

ಈ ಮಾತುಗಳಿಗೆ ಎರಡು ಕಡೆಯಿಂದ ಆಕ್ಷೇಪ ಬರುವುದುಂಟು. ಇಷ್ಟೆಲ್ಲ ಗೋಜಲೇಕೆ, ಹಳೆಯ ರೋಕಡ ಪುಸ್ತಕವೇ ಸಾಕಿತ್ತು ಎನ್ನುವವರು ಮೊದಲಿನವರು. ಅವರ ಮಾತನ್ನು ನಗೆಯಾಡುವಂತಿಲ್ಲ. ಕೆಂಪು ಬಟ್ಟೆಯ ರಟ್ಟಿನ ಪುಸ್ತಕಕ್ಕೆ ಸಂಕೇತಪದ ಬೇಡ, ಕರೆಂಟು ಬೇಡ. ಆದರೆ ಆ ಪುಸ್ತಕವನ್ನೂ ಯಾರೋ ಒಬ್ಬರು ಪ್ರತಿದಿನ ಸಂಜೆ ಕೂತು ಬರೆಯುತ್ತಿದ್ದರು, ಗೆದ್ದಲಿನಿಂದ ಕಾಪಾಡುತ್ತಿದ್ದರು. ಪುಸ್ತಕ ಉಳಿದದ್ದು ಕಾಗದದ ಗುಣದಿಂದಲ್ಲ, ಆ ಕೈಯಿಂದ. ಕೈಯೇ ಹೋದಮೇಲೆ ಪುಸ್ತಕಕ್ಕೆ ಮರಳಿ ಪ್ರಯೋಜನವೇನು? ಅಲ್ಲದೆ ತೆರಿಗೆಯ ವಿವರ, ಟ್ರಸ್ಟಿನ ನೋಂದಣಿಯ ನವೀಕರಣ ಎಲ್ಲವೂ ಗಣಕದ ಮೂಲಕವೇ ಸಲ್ಲಬೇಕಾದ ಕಾಲವಿದು.

ಮೂರು ವರ್ಷಕ್ಕೊಮ್ಮೆ ಎಲ್ಲವನ್ನೂ ಬಿಸುಟು ಹೊಸದು ತಂದರಾಯಿತು ಎನ್ನುವವರು ಎರಡನೆಯವರು. ಇವರ ಉತ್ಸಾಹ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಪ್ರಗತಿಯ ವೇಷದಲ್ಲಿ ಬರುತ್ತದೆ. ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್ಪು, ಹೊಸ ಪ್ರೊಸೆಸರ್ ಇಲ್ಲವೆಂಬ ಒಂದೇ ಕಾರಣಕ್ಕೆ ಚೆನ್ನಾಗಿ ನಡೆಯುವ ಎಷ್ಟೋ ಯಂತ್ರಗಳು ಮೂಲೆ ಸೇರುತ್ತಿವೆ. ಅವುಗಳಲ್ಲಿ ಅನೇಕವು ಇನ್ನಷ್ಟು ಸ್ಮೃತಿಕೋಶ, ಒಂದು ಎಸ್.ಎಸ್.ಡಿ. ಮತ್ತು ಮುಕ್ತ ತಂತ್ರಾಂಶದೊಂದಿಗೆ ವರ್ಷಗಟ್ಟಲೆ ದುಡಿಯಬಲ್ಲವು. ಅಪರಿಗ್ರಹವೆಂದರೆ ಕೊಳ್ಳದಿರುವುದಷ್ಟೇ ಅಲ್ಲ, ಇರುವುದರ ಪೂರ್ಣ ಆಯುಸ್ಸನ್ನು ಗೌರವದಿಂದ ಬಳಸುವುದೂ ಹೌದು. ನವೀಕರಣ ಬೇಡವೆಂದು ಇದರ ಅರ್ಥವಲ್ಲ. ಅಗತ್ಯವನ್ನು ಅಳೆದು ಮಾಡಿದ್ದು ನವೀಕರಣ, ನೆರೆಯ ಟ್ರಸ್ಟನ್ನು ನೋಡಿ ಮಾಡಿದ್ದು ಪರಿಗ್ರಹ.

ಬಿಸುಟ ಯಂತ್ರ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಅಹಿಂಸಾವ್ರತಿಗಳು ಕೇಳಲೇಬೇಕು. ಹಳೆಯ ಗಾಜಿನ ಮಾನಿಟರಿನಲ್ಲಿ ಸೀಸವಿದೆ, ಯು.ಪಿ.ಎಸ್. ಬ್ಯಾಟರಿಯಲ್ಲಿ ಸೀಸವೂ ಆಮ್ಲವೂ ಇವೆ. ಗುಜರಿಯವನಿಗೆ ತೂಕಕ್ಕೆ ಹಾಕಿದರೆ ತಾಮ್ರಕ್ಕಾಗಿ ತಂತಿಗಳನ್ನು ಬಯಲಲ್ಲಿ ಸುಡುತ್ತಾರೆ. ಆ ಹೊಗೆಯನ್ನು ಉಸಿರಾಡುವವರು ಬಡವರು, ಆ ನೀರನ್ನು ಕುಡಿಯುವವು ಮೂಕಜೀವಿಗಳು. ಸೂರ್ಯಾಸ್ತದ ಮೊದಲು ಊಟ ಮುಗಿಸಿ, ನೀರನ್ನು ಸೋಸಿ ಕುಡಿಯುವ ಮನೆಗಳಿಂದ ಈ ವಿಷ ಹೊರಹೋಗುವುದು ಎಂತಹ ವಿಪರ್ಯಾಸ! ತ್ಯಾಜ್ಯವನ್ನು ಜೀವಬಾಧೆಯಾಗದಂತೆ ವಿಸರ್ಜಿಸಬೇಕೆಂಬುದೇ ಉತ್ಸರ್ಗ ಸಮಿತಿಯ ತತ್ತ್ವ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಅಡಿಯಲ್ಲಿ ನೋಂದಾಯಿತ ಮರುಬಳಕೆದಾರರಿದ್ದಾರೆ. ಅವರಿಗೆ ಒಪ್ಪಿಸಿ ರಸೀದಿ ಪಡೆಯುವುದು ಧರ್ಮವೂ ಹೌದು, ಕಾನೂನಿಗೆ ಸಲ್ಲುವ ಕ್ರಮವೂ ಹೌದು. ಒಪ್ಪಿಸುವ ಮೊದಲು ಡಿಸ್ಕಿನಲ್ಲಿರುವ ಭಕ್ತರ ವಿಳಾಸ, ಬ್ಯಾಂಕು ವಿವರಗಳನ್ನು ಪೂರ್ತಿ ಅಳಿಸಬೇಕೆಂಬುದನ್ನೂ ಮರೆಯತಕ್ಕದ್ದಲ್ಲ.

ಹಾಗಾದರೆ ಮಾಡಬೇಕಾದುದೇನು? ಟ್ರಸ್ಟುಗಳ ಮುಂದಿನ ವಾರ್ಷಿಕ ಸಭೆಯಲ್ಲಿ ಕೆಲವು ನಿರ್ಣಯಗಳು ಆಗಲಿ. ಗಣಕಯಂತ್ರದ ದಾನವನ್ನು ಸ್ವೀಕರಿಸುವಾಗ ಅದರ ಪಾಲನೆಗೂ ಒಂದು ಮೊತ್ತವನ್ನು ದಾನಿಯಿಂದಲೋ ನಿಧಿಯಿಂದಲೋ ಗೊತ್ತುಮಾಡದೆ ಸ್ವೀಕರಿಸಬಾರದು. ಯಂತ್ರವನ್ನು ಕೊಂಡ ದಿನ, ಬ್ಯಾಟರಿ ಬದಲಿಸಿದ ದಿನ, ತಂತ್ರಾಂಶದ ಪರವಾನಗಿ, ಪ್ರತಿ ತೆಗೆದ ದಿನ, ಇಷ್ಟನ್ನು ಬರೆಯುವ ಒಂದು ಕಾಗದದ ಪುಸ್ತಕ ಕಚೇರಿಯಲ್ಲಿರಬೇಕು. ಸಂಕೇತಪದಗಳು ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇರಬೇಕು, ಕೆಲಸ ಬಲ್ಲವರು ಕನಿಷ್ಠ ಇಬ್ಬರಿರಬೇಕು. ಶಾಶ್ವತಪೂಜೆಯ ಪಟ್ಟಿ ವರ್ಷಕ್ಕೊಮ್ಮೆ ಅಚ್ಚಾಗಿ ಬಸದಿಯ ಭಂಡಾರದಲ್ಲಿ ಸೇರಬೇಕು.

ಇದಕ್ಕೆಲ್ಲ ದಿನವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಜ್ಯೇಷ್ಠ ಶುದ್ಧ ಪಂಚಮಿ ಶ್ರುತಪಂಚಮಿ. ಅಂದು ಗ್ರಂಥಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ಪದ್ಧತಿಯಿದೆ. ಗ್ರಂಥಭಂಡಾರದ ಕೆಲಸ ಮುಗಿದ ಮೇಲೆ ಟ್ರಸ್ಟಿಗಳು ಕಚೇರಿಯ ಬಾಗಿಲನ್ನೂ ತೆರೆಯಲಿ. ಯಂತ್ರದ ಧೂಳನ್ನು ತೆಗೆಯಿಸಲಿ. ಪ್ರತಿಯನ್ನು ತೆರೆದು ಆ ವೃದ್ಧೆಯ ಪತಿಯ ಹೆಸರು, ತಿಥಿ ಅಲ್ಲಿ ಇವೆಯೆ ಎಂದು ಓದಿ ನೋಡಲಿ. ಇದ್ದರೆ ಸಂತೋಷ. ಇಲ್ಲದಿದ್ದರೆ ಆಕೆ ಬದುಕಿರುವಾಗಲೇ ಆಕೆಯ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಲಿ. ದಾನಿಯ ಫಲಕಕ್ಕೆ ಹೊಳಪು ಕೊಡುವ ಕೆಲಸ ಅದಾದ ಮೇಲಾಗಲಿ.